ಮೂರು ವರ್ಷದ ಮಗಳಿಗೆ ಫಿನ್‌ಲೆಂಡ್ ಪದ್ಧತಿ ಒಳ್ಳೆಯದೋ, ಜಪಾನ್ ಪದ್ಧತಿಯೋ?

ಇದೇ ಪ್ರಶ್ನೆ ಹಿಡಿದುಕೊಂಡು ಬಾಗಲಕೋಟೆಯ ನವನಗರದಲ್ಲಿ ನಾನೂ ಶಾಲೆಯಿಂದ ಶಾಲೆಗೆ ಅಲೆದಿದ್ದೇನೆ. ಮಗನಿಗೆ ಆಗ ಮೂರು ವರ್ಷ. ಕೊನೆಗೆ ಒಂದು ಇಂಗ್ಲಿಷ್ ನರ್ಸರಿಗೆ ಹಾಕಿದೆ. ತಪ್ಪು ಅಲ್ಲಿ ಆಗಲಿಲ್ಲರೀ, ಮನೆಯೊಳಗೆ ಆಯಿತು.

ನಮ್ಮವ್ವ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಸಂಜೆ ಮೊಮ್ಮಗನನ್ನು ಕೂಡಿಸಿಕೊಂಡು ಕಟಿರೊಟ್ಟಿ ಹತ್ತತ್ತು ಒಟ್ಟಿಸುತ್ತಿದ್ದಳು. "ಹತ್ತರ ಮ್ಯಾಲ ಮೂರಿಟ್ಟಿ, ಎಷ್ಟಾತು? ಹದಿಮೂರು." ನಾನು ಅಡ್ಡ ಬಂದೆ: "ಅವ್ವಾ, ಕನ್ನಡದಾಗ ಎಣಿಸಾಕ ಹಚ್ಚಬ್ಯಾಡ, ಸಾಲ್ಯಾಗ ಗೊಂದಲ ಆಗ್ತೈತಿ." ಅವಳು ಸುಮ್ಮನಾದಳು. ಮರುದಿನದಿಂದ ರೊಟ್ಟಿ ಒಬ್ಬಳೇ ಎಣಿಸಿದಳು.

ಯುಕೆಜಿಯಲ್ಲಿ ಹುಡುಗ 'ಥರ್ಟೀನ್' ಅಂದರೆ 31 ಬರೆಯತೊಡಗಿದ. ಬೈದೆ, ಟ್ಯೂಷನ್ ಹಚ್ಚಿದೆ. ಅವನ ತಪ್ಪೇನಿತ್ತು? 'ಥರ್ಟೀನ್' ಎಂಬಲ್ಲಿ ಮೂರು ಮೊದಲು ಕೇಳುತ್ತದೆ, ಹತ್ತು ಆಮೇಲೆ. ಕಿವಿಗೆ ಬಿದ್ದಂತೆ ಬರೆದಿದ್ದ. ಕನ್ನಡದ 'ಹದಿಮೂರು' ಬರೆಯುವ ಕ್ರಮದಲ್ಲೇ ಇದೆ: ಹತ್ತು, ಆಮೇಲೆ ಮೂರು. 'ಎಲೆವೆನ್'ನಲ್ಲಿ ಹತ್ತೂ ಕೇಳುವುದಿಲ್ಲ, ಒಂದೂ ಕೇಳುವುದಿಲ್ಲ. 'ಹನ್ನೊಂದು' ಅಂದರೆ ಒಂದಾದರೂ ಕೇಳುತ್ತದೆ. ಜಪಾನಿನ ಮಕ್ಕಳು ಹನ್ನೊಂದಕ್ಕೆ 'ಜೂ-ಇಚಿ', ಹತ್ತು-ಒಂದು ಅನ್ನುತ್ತಾರೆ. ಇಪ್ಪತ್ತೊಂದಕ್ಕೆ 'ನಿ-ಜೂ-ಇಚಿ', ಎರಡು-ಹತ್ತು-ಒಂದು. ಚೀನಿ ಭಾಷೆಯಲ್ಲೂ ಹೀಗೇ. ಬಿಡಿ-ಹತ್ತರ ಲೆಕ್ಕ ಆ ಮಕ್ಕಳಿಗೆ ಮಾತಿನಲ್ಲೇ ಸಿಗುತ್ತದೆ. ಹೆಚ್ಚುಕಡಿಮೆ ಅದೇ ಅನುಕೂಲ ನನ್ನ ಮಗನಿಗೆ ಅಜ್ಜಿಯ ಬಾಯಲ್ಲಿತ್ತು. ನಾನೇ ಆ ಬಾಯಿ ಮುಚ್ಚಿಸಿದೆ.

ಅದಕ್ಕೇ ಫಿನ್‌ಲೆಂಡೋ ಜಪಾನೋ ಅನ್ನುವ ನಿಮ್ಮ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ಫಿನ್‌ಲೆಂಡಿನಲ್ಲಿ ಒಂದನೇ ತರಗತಿ ಶುರುವಾಗುವುದೇ ಏಳನೇ ವರ್ಷಕ್ಕೆ. ಅಲ್ಲಿಯವರೆಗೆ ಆಟ, ಹಾಡು, ಮಾತು, ಬಹುಪಾಲು ಮನೆಮಾತಿನಲ್ಲೇ. ಆ ಹೆಸರಿನ ಬೋರ್ಡು ಹಾಕಿ ಮೂರು ವರ್ಷದ ಕೂಸಿಗೆ ಇಂಗ್ಲಿಷಿನಲ್ಲಿ ಕಾಪಿ ಬರೆಸಿದರೆ ಅದು ಫಿನ್‌ಲೆಂಡ್ ಹೇಗಾದೀತು? ನಮ್ಮ 2020ರ ಶಿಕ್ಷಣ ನೀತಿಯೂ ಸಾಧ್ಯವಾದಲ್ಲೆಲ್ಲ ಐದನೇ ತರಗತಿವರೆಗಾದರೂ ಮನೆಮಾತಿನಲ್ಲಿ ಕಲಿಸಿ ಅನ್ನುತ್ತದೆ.

ಹತ್ತಿರದ ಅಂಗನವಾಡಿ ಚೊಕ್ಕ ಇದ್ದು, ಟೀಚರ್ ಮಕ್ಕಳ ಜೋಡಿ ಮಾತಾಡುವವರಾಗಿದ್ದರೆ ಅಲ್ಲೇ ಕಳಿಸಿರಿ. ಇಂಗ್ಲಿಷ್ ಶಾಲೆಗೇ ಹಾಕುತ್ತೀರಾ, ಹಾಕಿರಿ, ಆದರೆ ಮನೆಯಲ್ಲಿ ಎಣಿಕೆ ಕನ್ನಡದಲ್ಲಿರಲಿ. ಹುಣಸಿ ಬೀಜ ಕೊಡಿರಿ, ಚೌಕಾಬಾರ ಆಡಿಸಿರಿ, ಕವಡೆ ಬಿದ್ದಷ್ಟು ಮನೆ ತಾನೇ ಎಣಿಸಿ ನಡೆಸಲಿ. ಅಜ್ಜಿ ಎಣಿಸುತ್ತಿದ್ದರೆ ನಡುವೆ ಬಾಯಿ ಹಾಕಬೇಡಿರಿ.

ಮಗ ಈಗ ಮೂರನೇ ತರಗತಿ. ಒಂದನೇ ತರಗತಿಯ ಬೇಸಿಗೆ ರಜೆಯಲ್ಲಿ ಅವ್ವನ ಕಾಲು ಹಿಡಿದು, ಮತ್ತೆ ಅವನನ್ನು ರೊಟ್ಟಿ ಬುಟ್ಟಿಯ ಮುಂದೆ ಕೂಡಿಸು ಅಂತ ಕೇಳಿಕೊಂಡೆ. ಹದಿಮೂರು ನೆಟ್ಟಗಾಗಲು ಒಂದು ವಾರ ಹಿಡಿಯಿತು. ಲೆಕ್ಕದ ಪುಸ್ತಕ ಕಂಡರೆ ಅವನಿಗೆ ಹುಟ್ಟಿದ ಅಂಜಿಕೆ ಇನ್ನೂ ಪೂರ್ತಿ ಹೋಗಿಲ್ಲ.