ಬಾಸ್ ಬಾಯಲ್ಲಿ ಎಪಿಕ್ಟೀಟಸ್

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಧಾಟಿಯವು. ಯಾವುದೋ ತತ್ವಜ್ಞಾನಿಯ ಮಾತನ್ನು ಇನ್ಯಾರೋ ನಮ್ಮ ಮೇಲೆ ಪ್ರಯೋಗಿಸುತ್ತಿದ್ದಾರೆ, ಏನು ಮಾಡೋಣ ಎಂಬ ದೂರು. ಕಾಲೇಜಿನಲ್ಲಿ ತರ್ಕಶಾಸ್ತ್ರ, ನೀತಿಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ನನ್ನಂಥವಳಿಗೆ ಇದಕ್ಕಿಂತ ಖುಷಿಯ ದೂರು ಬೇರೆ ಇಲ್ಲ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉದ್ದದ ಪತ್ರಗಳಿಗೆ ಕತ್ತರಿ ಮಾತ್ರ ಆಡಿಸಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಟೀಮಿನಲ್ಲಿ ಇಬ್ಬರು ಕೆಲಸ ಬಿಟ್ಟರು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ, ಅಷ್ಟೂ ಕೆಲಸ ನನ್ನ ತಲೆಗೆ ಬಂದಿದೆ. ಹೇಳಿಕೊಂಡರೆ ಮ್ಯಾನೇಜರ್ ಮೊಬೈಲಿನಲ್ಲಿ ಎಪಿಕ್ಟೀಟಸ್‌ನ ಮಾತು ತೋರಿಸಿ ‘ನಿನ್ನ ಹಿಡಿತದಲ್ಲಿ ಇಲ್ಲದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡ’ ಅನ್ನುತ್ತಾರೆ. ನಾನೂ ಸ್ಟೋಯಿಕ್ ವಿಡಿಯೊಗಳನ್ನು ನೋಡುವವನೇ. ಹಾಗಾದರೆ ಬಾಯಿ ಮುಚ್ಚಿಕೊಂಡು ಇರುವುದೇ ವಿವೇಕವಾ?

ಉತ್ತರ: ಮಾತು ಸರಿಯಾಗಿದೆ, ಅದು ಬಂದ ಬಾಯಿ ಸರಿಯಿಲ್ಲ. ಎಪಿಕ್ಟೀಟಸ್ ಸ್ಟೋಯಿಕ್ ಎಂಬ ಪ್ರಾಚೀನ ಗ್ರೀಕ್-ರೋಮನ್ ತತ್ವಪಂಥದವನು, ಗುಲಾಮಗಿರಿಯಲ್ಲಿ ಬೆಳೆದವನು. ಆಮೇಲೆ ಬಿಡುಗಡೆಯಾಗಿ ರೋಮಿನಲ್ಲಿ ಪಾಠ ಹೇಳುತ್ತಿದ್ದ. ಚಕ್ರವರ್ತಿ ಡೊಮಿಷಿಯನ್ ತತ್ವಜ್ಞಾನಿಗಳನ್ನೆಲ್ಲ ಹೊರಗಟ್ಟಿದಾಗ ಗ್ರೀಸಿನ ನಿಕೊಪೊಲಿಸ್‌ಗೆ ಹೋಗಿ ಅಲ್ಲಿ ಶಾಲೆ ತೆರೆದ. ತಾನಾಗಿ ಏನೂ ಬರೆಯಲಿಲ್ಲ. ಶಿಷ್ಯ ಅರಿಯನ್ ಬರೆದಿಟ್ಟುಕೊಂಡದ್ದಷ್ಟೇ ನಮಗೆ ದಕ್ಕಿರುವುದು. ಎಪಿಕ್ಟೀಟಸ್‌ನ ಲೆಕ್ಕದಲ್ಲಿ ನಮ್ಮ ಅಭಿಪ್ರಾಯ, ನಮ್ಮ ಉದ್ದೇಶ, ನಮ್ಮ ಬೇಕು-ಬೇಡಗಳು ನಮ್ಮ ಕೈಲಿವೆ. ಮೈ, ಆಸ್ತಿ, ಹೆಸರು, ಪದವಿ ನಮ್ಮ ಕೈಲಿಲ್ಲ.

ಇದನ್ನು ನಿಮ್ಮ ಆಫೀಸಿಗೆ ಹಚ್ಚಿ ನೋಡಿ. ಹೊಸಬರನ್ನು ತೆಗೆದುಕೊಳ್ಳುವುದು ನಿಮ್ಮ ಕೈಲಿಲ್ಲ, ಒಪ್ಪಿದೆ. ಯಾರ ಕೈಲಿದೆ? ನಿಮ್ಮ ಮ್ಯಾನೇಜರ್ ಕೈಲಿ, ಇಲ್ಲವೇ ಅವರ ಮೇಲಿನವರ ಕೈಲಿ. ತಾವು ಮಾಡಬಹುದಾದ ಕೆಲಸವನ್ನು ನಿಮ್ಮಿಂದ ಆಗದ್ದು ಎಂದು ತೋರಿಸಿ ಅವರು ಕೈ ತೊಳೆದುಕೊಳ್ಳುತ್ತಿದ್ದಾರೆ. ಎಪಿಕ್ಟೀಟಸ್‌ನ ಮಾತು ತನಗೆ ತಾನು ಹೇಳಿಕೊಳ್ಳಬೇಕಾದದ್ದು. ಕ್ರಿ.ಶ. 161ರಿಂದ 180ರವರೆಗೆ ಆಳಿದ ರೋಮನ್ ಚಕ್ರವರ್ತಿ, ಇದೇ ಪಂಥದ ಮಾರ್ಕಸ್ ಔರೇಲಿಯಸ್‌ನ ಟಿಪ್ಪಣಿಗಳೂ ಅಷ್ಟೇ. ಅವುಗಳಲ್ಲಿ ಬರುವ ‘ನೀನು’ ಚಕ್ರವರ್ತಿಯೇ. ಪ್ರಜೆಗಳು ಕಂದಾಯ ಇಳಿಸಿ ಎಂದು ಬಂದಾಗ ಓದಿ ಹೇಳಿ ಕಳಿಸಲಿಕ್ಕೆ ಬರೆದಿಟ್ಟದ್ದಲ್ಲ ಅದು.

ಇನ್ನೊಂದು ವಿಷಯ. ಸ್ಟೋಯಿಕರು ನಾಲ್ಕು ಸದ್ಗುಣಗಳನ್ನು ಹೇಳುತ್ತಾರೆ: ವಿವೇಕ, ಧೈರ್ಯ, ಸಂಯಮ, ನ್ಯಾಯ. ನಾನು ನೋಡಿದ ವಿಡಿಯೊಗಳಲ್ಲೆಲ್ಲ ಸಂಯಮದ್ದೇ ಕಾರುಬಾರು, ನ್ಯಾಯ ಪತ್ತೆಯೇ ಇಲ್ಲ. ನ್ಯಾಯವನ್ನು ತೆಗೆದುಬಿಟ್ಟರೆ ಉಳಿಯುವುದು ಮರಗಟ್ಟಿದ ಮನಸ್ಸು.

ಈ ಪಂಥದ್ದು ಎಂದು ರೋಮಿನ ಲೇಖಕ ಸಿಸೆರೊ ಕೊಡುವ ಒಂದು ಉದಾಹರಣೆ ಇದೆ. ಬಿಲ್ಲುಗಾರ ಗುರಿ ಹೊಡೆಯಲು ತನ್ನಿಂದಾಗುವುದನ್ನೆಲ್ಲ ಮಾಡುತ್ತಾನೆ. ಅವನ ಕರ್ತವ್ಯ ಅಲ್ಲಿಗೆ ಪೂರ್ತಿಯಾಯಿತು, ಬಾಣ ತಾಗುವುದು ಬೇರೆ ಮಾತು. ಆದರೆ ಅವನು ಬಾಣ ಬಿಟ್ಟಿರಬೇಕಲ್ಲ! ನಿಮ್ಮ ಬಾಣ ಒಂದು ಇಮೇಲ್. ಬಾಕಿ ಇರುವ ಕೆಲಸಗಳನ್ನು ಒಂದರ ಕೆಳಗೊಂದು ಬರೆಯಿರಿ. ಪ್ರತಿಯೊಂದರ ಮುಂದೆ ಎಷ್ಟು ಗಂಟೆ ಹಿಡಿಯುತ್ತದೆ ಎಂದು ಹಾಕಿ, ಕೂಡಿ, ಮೊತ್ತವನ್ನು ವಾರದ ಕೆಲಸದ ಗಂಟೆಗಳ ಪಕ್ಕದಲ್ಲಿಡಿ. ಕೊನೆಗೆ ಒಂದೇ ಪ್ರಶ್ನೆ: ‘ಇವುಗಳಲ್ಲಿ ಯಾವುದನ್ನು ಮುಂದಕ್ಕೆ ಹಾಕಲಿ, ದಯವಿಟ್ಟು ತಿಳಿಸಿ.’ ರಾತ್ರಿ ಸಿಟ್ಟಿನಲ್ಲಿ ಬರೆದಿದ್ದರೆ ಬೆಳಿಗ್ಗೆ ಎದ್ದು ‘ಅನ್ಯಾಯ’, ‘ಯಾವಾಗಲೂ’, ‘ನಾನೊಬ್ಬನೇ’ ಇಷ್ಟನ್ನು ಹೊಡೆದುಹಾಕಿ ಕಳಿಸಿ. ಅವರು ಏನು ಉತ್ತರ ಕೊಡುತ್ತಾರೆ ಎಂಬುದು ನಿಮ್ಮ ಕೈಲಿಲ್ಲ. ಎಪಿಕ್ಟೀಟಸ್ ಬೇಕಾಗುವುದು ಆಗ, ಸೆಂಡ್ ಒತ್ತಿದ ಮೇಲೆ.

ಪ್ರಶ್ನೆ: ಮನಸ್ಸಿಗೆ ನೆಮ್ಮದಿ ಸಿಗಬೇಕಾದರೆ ಯಾವ ತತ್ವಶಾಸ್ತ್ರ ಓದಬೇಕು?

ಉತ್ತರ: ಮೊದಲು ನಿದ್ದೆ ಸರಿ ಮಾಡಿಕೊಳ್ಳಿ. ತತ್ವಶಾಸ್ತ್ರಕ್ಕೆ ಕೈ ಹಾಕಿದರೆ ಇರುವ ನೆಮ್ಮದಿಯೂ ಸ್ವಲ್ಪ ಕಾಲ ಕೆಡುತ್ತದೆ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಸಂಶಯದ ಬೆನ್ನು ಹತ್ತಿ ಹೋಗಿ ಕೊನೆಗೆ ಮಂಕು ಕವಿದು ಕೂತಾಗ ಅವನನ್ನು ಎತ್ತಿದ್ದು ಇನ್ನೊಂದು ಸಿದ್ಧಾಂತವಲ್ಲ. ಸ್ನೇಹಿತರ ಜೊತೆ ಊಟ, ಹರಟೆ, ಒಂದು ಪಗಡೆಯಂಥ ಆಟ. ಮೂರು ನಾಲ್ಕು ಗಂಟೆ ಹಾಗೆ ಕಳೆದು ಬಂದರೆ ತನ್ನ ಚಿಂತನೆಯೇ ತನಗೆ ತಣ್ಣಗೆ, ಹಾಸ್ಯಾಸ್ಪದವಾಗಿ ಕಾಣುತ್ತಿತ್ತು ಎಂದು 1739ರಲ್ಲಿ ಅವನೇ ಬರೆದಿದ್ದಾನೆ. ಆಮೇಲೆ ಮತ್ತೆ ಓದಲು ಕೂತ, ಅದು ಬೇರೆ.

ಪ್ರಶ್ನೆ: ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮಣ್ಣ ದಿನಾ ಆರೋಗ್ಯದ ಫಾರ್ವರ್ಡ್ ಹಾಕುತ್ತಾನೆ. ‘ಸುಳ್ಳು ಇದು’ ಅಂದರೆ ‘ಡಾಕ್ಟರೇ ಹೇಳಿರೋದು ನೋಡು’ ಅನ್ನುತ್ತಾನೆ. ನಾನೊಂದು ಲಿಂಕ್ ಹಾಕಿದರೆ ಅವನು ಎರಡು ಹಾಕುತ್ತಾನೆ. ಈಗ ಅತ್ತಿಗೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಸರಿಯಾದ್ದನ್ನೇ ಹೇಳಿಯೂ ನಾನೇ ಯಾಕೆ ಸೋಲುತ್ತೇನೆ?

ಉತ್ತರ: ‘ಸೋಲುತ್ತೇನೆ’ ಅಂದಿರಲ್ಲ, ಗಂಟು ಇರುವುದು ಅಲ್ಲೇ. ಗೌತಮನ (ಬುದ್ಧನಲ್ಲ, ಬೇರೆಯವನು) ನ್ಯಾಯಸೂತ್ರಗಳು, ಅಂದರೆ ನಮ್ಮ ಪ್ರಾಚೀನ ತರ್ಕಶಾಸ್ತ್ರದ ಗ್ರಂಥ, ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ. ನಿಜ ಏನೆಂದು ತಿಳಿಯಲು, ಪ್ರಮಾಣಗಳನ್ನು, ಅಂದರೆ ತಿಳಿವಿನ ಆಧಾರಗಳನ್ನು, ಮುಂದಿಟ್ಟುಕೊಂಡು ಮಾತಾಡುವುದು ವಾದ. ಗೆಲ್ಲಲೇಬೇಕೆಂದು, ಮಾತನ್ನು ತಿರುಚಿಯಾದರೂ ಸರಿ ಎಂದು ಹೊರಡುವುದು ಜಲ್ಪ. ತನ್ನದೆಂಬ ಪಕ್ಷವನ್ನೇ ಹೂಡದೆ ಎದುರಿನವನದನ್ನು ಕೆಡವುವುದು ವಿತಂಡ. (ತರಗತಿಯಲ್ಲಿ ಈ ಮೂರನೆಯದನ್ನು ಹುಡುಗರು ಪಾಠ ಮುಗಿಯುವ ಮೊದಲೇ ಕಲಿತಿರುತ್ತಿದ್ದರು.) ನಿಮ್ಮಣ್ಣ ಜಲ್ಪದಲ್ಲಿದ್ದಾರೆ. ‘ಸುಳ್ಳು ಇದು’ ಎಂದಷ್ಟೇ ಹೇಳಿ ನೀವು ವಿತಂಡಕ್ಕೆ ಇಳಿದಿದ್ದೀರಿ. ಇಬ್ಬರೂ ವಾದದಲ್ಲಿಲ್ಲ.

ವಾದವನ್ನು ಯಾರ ಜೊತೆ ಮಾಡಬೇಕು ಎಂಬುದನ್ನೂ ಅದೇ ಗ್ರಂಥ ಹೇಳುತ್ತದೆ: ಗುರು, ಶಿಷ್ಯ, ಸಹಪಾಠಿ, ಮತ್ತು ಅಸೂಯೆ ಇಲ್ಲದವರು. ಇದರಲ್ಲಿ ಪ್ರೇಕ್ಷಕರ ಪ್ರಸ್ತಾಪ ಇಲ್ಲ, ಗಮನಿಸಿ. ಗ್ರೂಪಿನಲ್ಲಿ ಎಲ್ಲರೂ ನೋಡುತ್ತಿರುವಾಗ ಅಣ್ಣ ಆದವನು ತಮ್ಮನ ಮುಂದೆ ‘ಹೌದು, ನಂದು ತಪ್ಪು’ ಅಂದಾನೆಯೇ? ಆ ಮಾತು ಫೋನಿನಲ್ಲಿ ಆಗಬೇಕು.

ಫೋನಿನಲ್ಲಿ ಏನು ಮಾತಾಡುತ್ತೀರಿ? ಮೊದಲು ಪೂರ್ವಪಕ್ಷ. ಅಂದರೆ ಅವರ ವಾದವನ್ನು ನೀವೇ ಹೇಳುವುದು. ‘ಹೂಂ, ನಾನು ಹೇಳ್ತಿರೋದೂ ಅದೇನೇ’ ಎಂದು ಅವರ ಬಾಯಿಂದ ಬರುವಷ್ಟು ಸರಿಯಾಗಿ ಹೇಳಬೇಕು. ಹಾಗೆ ಮಾಡುವಾಗ ಎಷ್ಟೋ ಸಲ ಬೇರೆಯೇ ಸಂಗತಿ ಹೊರಬರುತ್ತದೆ. ಆ ಔಷಧಿಯ ಮೇಲೆ ಅವರಿಗೂ ಅಂಥಾ ನಂಬಿಕೆ ಇರುವುದಿಲ್ಲ. ತಮಗೇ ಏನೋ ಆಗಿದೆ ಎಂಬ ಭಯ ಇರುತ್ತದೆ, ಪರೀಕ್ಷೆ ಮಾಡಿಸಿಕೊಳ್ಳಲು ಧೈರ್ಯ ಇರುವುದಿಲ್ಲ. ಲಿಂಕ್‌ಗಳ ಮಧ್ಯೆ ಇದು ಯಾರಿಗೂ ಕಾಣುವುದಿಲ್ಲ.

ಆಮೇಲೆ ‘ಡಾಕ್ಟರೇ ಹೇಳಿರೋದು’ ಎಂಬ ಮಾತು. ಇದನ್ನು ತಳ್ಳಿಹಾಕಬೇಡಿ, ಬಲ್ಲವರ ಮಾತೂ ಒಂದು ಪ್ರಮಾಣವೇ. ನಾವು ತಿಳಿದಿರುವುದರಲ್ಲಿ ಬಹುಪಾಲು ಇನ್ನೊಬ್ಬರು ಹೇಳಿದ್ದೇ ಅಲ್ಲವೇ. ಆದರೆ ಬಲ್ಲವರು, ಅಂದರೆ ಆಪ್ತರು, ಯಾರು? ನ್ಯಾಯಸೂತ್ರಗಳಿಗೆ ವಿವರಣೆ ಬರೆದ ಭಾಷ್ಯಕಾರ ವಾತ್ಸ್ಯಾಯನ ಹೇಳುತ್ತಾನೆ: ವಿಷಯವನ್ನು ನೇರವಾಗಿ ಕಂಡುಕೊಂಡವನು, ಕಂಡದ್ದನ್ನು ಕಂಡ ಹಾಗೇ ತಿಳಿಸಬೇಕೆಂಬ ಮನಸ್ಸುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದೂ ಸೇರಿಸುತ್ತಾನೆ. ಅವನ ಕಾಲದ ಭಾಷೆಯಲ್ಲಿ ಅದು ಸಣ್ಣ ಮಾತಲ್ಲ. ಹುಟ್ಟಾಗಲಿ ವೇಷವಾಗಲಿ ಲೆಕ್ಕಕ್ಕಿಲ್ಲ ಅಂದ ಹಾಗಾಯಿತು. ವಿಡಿಯೊದಲ್ಲಿ ಕುತ್ತಿಗೆಗೆ ಸ್ಟೆತಾಸ್ಕೋಪ್ ಹಾಕಿಕೊಂಡವರನ್ನು ಇದೇ ಒರೆಗೆ ಹಚ್ಚಿ. ಇವರು ಯಾವ ವಿಭಾಗದ ಡಾಕ್ಟರು? ಈ ಕಾಯಿಲೆಯವರನ್ನು ನೋಡಿದ್ದಾರೋ, ಕೇಳಿ ಹೇಳುತ್ತಿದ್ದಾರೋ? ಕೊನೆಗೆ ಏನಾದರೂ ಮಾರುತ್ತಾರಾ? ಇವನ್ನು ಅಣ್ಣನ ಜೊತೆ ಕೂತು, ಅವರ ಲಿಂಕಿಗೂ ನಿಮ್ಮ ಲಿಂಕಿಗೂ ಕೇಳಿ. ನೀವು ಹಾಕಿದ್ದನ್ನು ನೀವು ಕೊನೆಯವರೆಗೆ ಓದಿದ್ದೀರಿ ತಾನೆ?

ಅತ್ತಿಗೆಗೆ ಬೇರೆಯಾಗಿ ಫೋನ್ ಮಾಡಿ. ಅಲ್ಲಿ ಗೌತಮ, ವಾತ್ಸ್ಯಾಯನ ಯಾರೂ ಬೇಡ.

ಪ್ರಶ್ನೆ: ಅಮ್ಮನ ರಿಪೋರ್ಟ್ ಬಂದಿದೆ, ಕಾಯಿಲೆ ದೊಡ್ಡದು. ಅಕ್ಕ ‘ಅಮ್ಮನಿಗೆ ಹೇಳೋದು ಬೇಡ, ಕುಗ್ಗಿಹೋಗ್ತಾಳೆ’ ಅನ್ನುತ್ತಾಳೆ. ಜರ್ಮನ್ ತತ್ವಜ್ಞಾನಿ ಕಾಂಟ್ ಪ್ರಕಾರ ಯಾವ ಸಂದರ್ಭದಲ್ಲೂ ಸುಳ್ಳು ಹೇಳಬಾರದಂತೆ. ಕಾಂಟ್ ಮಾತು ಕೇಳಲೋ, ಅಕ್ಕನ ಮಾತು ಕೇಳಲೋ?

ಉತ್ತರ: ಇಬ್ಬರ ಮಾತನ್ನೂ ಅರ್ಧರ್ಧ ಕೇಳಬೇಕು ಮಗೂ.

ಕಾಂಟ್ ಹಾಗೆ ಬರೆದದ್ದು ನಿಜ, 1797ರಲ್ಲಿ. ನಿಮ್ಮ ಮನೆಯಲ್ಲಿ ಸ್ನೇಹಿತ ಅಡಗಿದ್ದಾನೆ, ಕೊಲೆಗಾರ ಬಾಗಿಲಿಗೆ ಬಂದು ‘ಅವನಿದ್ದಾನಾ?’ ಅಂತ ಕೇಳುತ್ತಾನೆ, ಆಗಲೂ ಸುಳ್ಳು ಹೇಳಬಾರದು ಎಂದು. ಅಷ್ಟು ದೂರ ನಾನು ಕಾಂಟ್ ಜೊತೆ ಹೋಗಲಾರೆ, ಹೋದವರು ಕಡಿಮೆ. ಆದರೆ ನಿಮ್ಮ ಬಾಗಿಲಲ್ಲಿ ನಿಂತಿರುವವರು ಕೊಲೆಗಾರರಲ್ಲ, ನಿಮ್ಮ ತಾಯಿ. ಕೇಳುತ್ತಿರುವುದೂ ತಮ್ಮದೇ ದೇಹದ ವಿಷಯ.

ಕಾಂಟ್‌ನಿಂದ ಇಲ್ಲಿ ತೆಗೆದುಕೊಳ್ಳಬೇಕಾದದ್ದು ಬೇರೆ ಇದೆ. ಯಾವ ಮನುಷ್ಯರನ್ನೂ ಬರೀ ಸಾಧನವಾಗಿ ಬಳಸಬಾರದು, ತಮ್ಮ ಬದುಕಿನ ನಿರ್ಧಾರ ತಾವು ಮಾಡಬಲ್ಲವರೆಂದು ನಡೆಸಿಕೊಳ್ಳಬೇಕು ಎಂಬುದು. ಎಷ್ಟು ತಿಳಿಯಬೇಕು ಎಂಬುದೂ ಅಮ್ಮನದೇ ನಿರ್ಧಾರ ಆಗಬಹುದಲ್ಲ? ನೀವಿಬ್ಬರೂ ಹೇಳುವುದೋ ಬಿಡುವುದೋ ಎಂದು ಜಗಳವಾಡುತ್ತಿದ್ದೀರಿ, ಅಮ್ಮನನ್ನು ಕೇಳಿಯೇ ಇಲ್ಲ. ಕೇಳಿ. ‘ಅಮ್ಮ, ರಿಪೋರ್ಟ್ ಬಂದಿದೆ. ಡಾಕ್ಟರ್ ಹೇಳಿದ್ದೆಲ್ಲ ನಿನಗೂ ಹೇಳಲಾ, ಅಥವಾ ನಾವು ನೋಡಿಕೊಂಡು ಏನು ಮಾಡಬೇಕು ಅನ್ನೋದಷ್ಟೇ ಹೇಳಲಾ?’ ಕೆಲವರು ‘ಎಲ್ಲಾ ಹೇಳು’ ಅನ್ನುತ್ತಾರೆ. ಕೆಲವರು ‘ನೀವೇ ನೋಡ್ಕೊಳ್ರಪ್ಪ’ ಅನ್ನುತ್ತಾರೆ, ಅದೂ ಉತ್ತರವೇ. ವಾರ ಬಿಟ್ಟು ಅವರೇ ಮತ್ತೆ ಕೇಳಬಹುದು. ಆಗ ಹೇಳಬೇಕು.

ಅಕ್ಕನಿಗೆ ಸಲ್ಲಬೇಕಾದ ಪಾಲೂ ಇದೆ. ಸುಳ್ಳು ಹೇಳದಿರುವುದು ಬೇರೆ, ಗೊತ್ತಿರುವುದನ್ನೆಲ್ಲ ಒಂದೇ ಉಸಿರಿಗೆ ಸುರಿಯುವುದು ಬೇರೆ. ಇದೇ ಕಾಂಟ್ 1766ರಲ್ಲಿ ಇನ್ನೊಬ್ಬ ತತ್ವಜ್ಞಾನಿ ಮೆಂಡೆಲ್ಸನ್‌ಗೆ ಬರೆದ ಕಾಗದದಲ್ಲಿ, ತನಗೆ ಖಚಿತವಿರುವ ಎಷ್ಟೋ ವಿಷಯಗಳನ್ನು ಹೇಳುವ ಧೈರ್ಯ ತನಗೆ ಬರಲಾರದು, ಆದರೆ ಮನಸ್ಸಿನಲ್ಲಿ ಇಲ್ಲದ್ದನ್ನು ಮಾತ್ರ ಎಂದೂ ಹೇಳುವುದಿಲ್ಲ ಎಂದಿದ್ದಾನೆ. ಯಾವಾಗ, ಯಾವ ಕ್ರಮದಲ್ಲಿ, ಯಾರ ಎದುರಿಗೆ ಎಂಬುದನ್ನು ಅಕ್ಕ ನೋಡಿಕೊಳ್ಳಲಿ. ಆದರೆ ‘ಏನೂ ಇಲ್ಲಮ್ಮ, ಬರೀ ಗ್ಯಾಸ್ಟ್ರಿಕ್’ ಎಂಬ ಕಥೆ ಬೇಡ. ಚಿಕಿತ್ಸೆ ಶುರುವಾದ ದಿನ ಆ ಕಥೆ ಬಯಲಾಗುತ್ತದೆ. ಆಮೇಲೆ ‘ಇವತ್ತು ಪರವಾಗಿಲ್ಲವಂತೆ’ ಎಂದು ನೀವು ನಿಜ ಹೇಳಿದರೂ ಅವರು ನಂಬುವುದಿಲ್ಲ.

ಪ್ರಶ್ನೆ: ಇರುವ ಫೋನ್ ಚೆನ್ನಾಗಿದೆ. ಆದರೂ ಹೊಸ ಮಾಡೆಲ್ ಕಾರ್ಟಿಗೆ ಹಾಕುತ್ತೇನೆ, ತೆಗೆಯುತ್ತೇನೆ, ಮತ್ತೆ ಹಾಕುತ್ತೇನೆ. ಆಸೆಯೇ ದುಃಖಕ್ಕೆ ಮೂಲ ಅಂತ ಅಪ್ಪ ಹೇಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ಉತ್ತರ: ನನಗೂ. ಬುದ್ಧ ಹೇಳಿದ್ದರ ತೂಕ ಬೇರೆ, ಫೋನ್ ಕೇಳಿದಾಗ ಅಪ್ಪ ಹೇಳುವುದರ ತೂಕ ಬೇರೆ.

ನಿಮಗೆ ಪ್ರಾಚೀನ ಗ್ರೀಸಿನ ತತ್ವಜ್ಞಾನಿ ಎಪಿಕ್ಯೂರಸ್ ಹೆಚ್ಚು ಒದಗುತ್ತಾನೆ. ಅವನು ಆಸೆಗಳನ್ನೆಲ್ಲ ಒಂದೇ ಗುಂಪಿಗೆ ಹಾಕುವುದಿಲ್ಲ. ಸಹಜವೂ ಅಗತ್ಯವೂ ಆದವು ಕೆಲವು, ಸಹಜವಾದರೂ ಅಗತ್ಯವಲ್ಲದವು ಕೆಲವು, ಎರಡೂ ಅಲ್ಲದ ಪೊಳ್ಳು ಆಸೆಗಳು ಉಳಿದವು. ಪ್ರತಿ ಆಸೆಗೂ ಒಂದು ಪ್ರಶ್ನೆ ಹಾಕು ಅನ್ನುತ್ತಾನೆ: ಇದು ಈಡೇರಿದರೆ ನನಗೆ ಏನಾಗುತ್ತದೆ, ಈಡೇರದಿದ್ದರೆ ಏನಾಗುತ್ತದೆ? ಕಾರ್ಟ್ ತೆರೆದಿಟ್ಟುಕೊಂಡೇ ಎರಡಕ್ಕೂ ಉತ್ತರ ಬರೆಯಿರಿ. ‘ಕ್ಯಾಮೆರಾ ಚೆನ್ನಾಗಿದೆ’ ಅಂತ ಬರೆದರೆ ಹೋದ ತಿಂಗಳು ಎಷ್ಟು ಫೋಟೊ ತೆಗೆದಿರಿ ಎಂದು ಗ್ಯಾಲರಿ ನೋಡಿ. ನಿಜವಾಗಿ ಫೋಟೊ ತೆಗೆಯುವವರಾಗಿದ್ದರೆ, ಸಾಲ ಮಾಡದೆ ಆಗುವುದಾದರೆ, ತೆಗೆದುಕೊಳ್ಳಿ. ಮಿತವ್ಯಯಕ್ಕೂ ಒಂದು ಮಿತಿ ಇದೆ ಎಂದವನೂ ಎಪಿಕ್ಯೂರಸ್‌ನೇ. ಈ ಸಾಲನ್ನು ಅಪ್ಪನಿಗೆ ತೋರಿಸಬಹುದು.

ಪ್ರಶ್ನೆ: ತತ್ವ ಹೇಳಿದವರೇ ಅದರಂತೆ ಬದುಕಲಿಲ್ಲವಲ್ಲ ಮೇಡಂ? ನಾವ್ಯಾಕೆ ಕೇಳಬೇಕು?

ಉತ್ತರ: ಎಷ್ಟೋ ಜನ ಬದುಕಲಿಲ್ಲ. ಸಂಪತ್ತಿಗೆ ಅಂಟಿಕೊಳ್ಳಬಾರದು ಎಂದ ಸ್ಟೋಯಿಕ್ ಸೆನೆಕಾ ರೋಮಿನ ಚಕ್ರವರ್ತಿ ನೀರೋನ ಗುರು, ಅಪಾರ ಶ್ರೀಮಂತ. 1762ರಲ್ಲಿ ಮಕ್ಕಳನ್ನು ಬೆಳೆಸುವ ಬಗ್ಗೆ ಪುಸ್ತಕ ಬರೆದ ತತ್ವಜ್ಞಾನಿ ರೂಸೊ ತನ್ನ ಐದೂ ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟಿದ್ದ, ಇದನ್ನು ತಾನೇ ಒಪ್ಪಿಕೊಂಡಿದ್ದಾನೆ. ಸೆನೆಕಾಗೆ ಅವನ ಕಾಲದಲ್ಲೇ ಇದೇ ಪ್ರಶ್ನೆ ಬಂದಿತ್ತು. ನಾನು ಹೇಳುತ್ತಿರುವುದು ಸದ್ಗುಣದ ಬಗ್ಗೆ, ನನ್ನ ಬಗ್ಗೆ ಅಲ್ಲ, ನಾನು ಬೈಯುವ ದುರ್ಗುಣಗಳಲ್ಲಿ ನನ್ನವೇ ಮೊದಲು ಎಂದು ಉತ್ತರ ಕೊಟ್ಟ. ಜಾಣ ಉತ್ತರ ಎಂದು ಅನುಮಾನ ಬರುವುದು ಸಹಜ, ನನಗೂ ಇದೆ. ಆದರೂ ಸೆನೆಕಾ ಸತ್ತು ಎರಡು ಸಾವಿರ ವರ್ಷದ ಹತ್ತಿರ ಆಯಿತು. ಕೋಪದ ಬಗ್ಗೆ ಅವನು ಹೇಳಿದ್ದು ನಿಮ್ಮ ಕೋಪಕ್ಕೆ ಹೊಂದುತ್ತದೋ ಇಲ್ಲವೋ ಎಂದು ನೋಡಲು ಅವನ ಆಸ್ತಿ ಲೆಕ್ಕ ಬೇಕಾಗುವುದಿಲ್ಲ. ಮಾತನ್ನು ಪರೀಕ್ಷಿಸಿ, ಸಾಕು.

ತತ್ವದ ಹೆಸರಿನಲ್ಲಿ ಆನ್‌ಲೈನ್ ಕೋರ್ಸ್ ಮಾರುವವರ ವಿಷಯಕ್ಕೆ ಬಂದರೆ ಮಾತ್ರ ಮನುಷ್ಯರನ್ನೂ ನೋಡಿ, ರಿಫಂಡ್ ನಿಯಮವನ್ನೂ ನೋಡಿ.