ಕನ್ನಡ ಮೀಡಿಯಂನಿಂದ ಬಂದು ಪಿಯು ಬಯಾಲಜಿ ಓದೋದು ಹೇಗೆ? ಬಿಟ್ಟು ಕಾಮರ್ಸ್‌ಗೆ ಹೋಗ್ಲಾ?

ಎಸ್ಸೆಸ್ಸೆಲ್ಸಿ ಕನ್ನಡ ಮೀಡಿಯಂ, ಈಗ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ), ಬಯಾಲಜಿ ಟರ್ಮ್ಸ್ ತಲೆಗೇ ಹತ್ತುತ್ತಿಲ್ಲ ಅಂತ ಬರೆದಿದ್ದೀರಿ. ಕಾರಣ ಟರ್ಮ್ಸ್ ಅಷ್ಟೇ ಆಗಿದ್ರೆ ದಯವಿಟ್ಟು ಬಿಡಬೇಡಿ. ನಾನೂ ತಿಪಟೂರು ಕಡೆ ಹಳ್ಳಿ ಸ್ಕೂಲಲ್ಲಿ ಹತ್ತನೇ ಕ್ಲಾಸ್‌ವರೆಗೆ ಕನ್ನಡದಲ್ಲೇ ಓದಿದವಳು. ಫಸ್ಟ್ ಪಿಯು ಮೊದಲನೇ ಟೆಸ್ಟಲ್ಲಿ 35ಕ್ಕೆ 9 ಬಂತು, ಪೇಪರ್ ಮಡಚಿ ಬ್ಯಾಗ್ ತಳಕ್ಕೆ ತುರುಕಿ ಬಸ್ಸಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ಕೊಂಡೇ ಊರಿಗೆ ಬಂದಿದ್ದೆ. ಈಗ ಅದೇ ಬಯಾಲಜಿನ ಪಿಯು ಮಕ್ಕಳಿಗೆ ಪಾಠ ಮಾಡ್ತೀನಿ.

ಆಗ ನಾನು ಮಾಡ್ತಿದ್ದ ತಪ್ಪು ಅಂದ್ರೆ ಉರು ಹೊಡೆಯೋದು. ಹಣ್ಣಿನ ಮೂರು ಪದರಗಳ ಹೆಸರು ಎಪಿಕಾರ್ಪ್, ಮೀಸೋಕಾರ್ಪ್, ಎಂಡೋಕಾರ್ಪ್ ಅಂತ ರಾತ್ರಿ ಹತ್ತು ಸಲ ಬರೆದ್ರೂ ಬೆಳಗ್ಗೆ ಎಲ್ಲಾ ಅದಲು ಬದಲು. ಒಂದಿನ ಅಪ್ಪ ಕಾಯಿ ಸುಲೀತಿದ್ರು, ನಾನು ಪಕ್ಕದಲ್ಲಿ ಪುಸ್ತಕ ಇಟ್ಕೊಂಡು ಕೂತಿದ್ದೆ, ನೋಡಿದ್ರೆ ಪುಸ್ತಕದಲ್ಲಿ ಡ್ರೂಪ್ ಅನ್ನೋ ಜಾತಿ ಹಣ್ಣಿಗೆ (ಒಳಪದರ ಗಟ್ಟಿ ಚಿಪ್ಪಾಗಿರೋ ಹಣ್ಣು) ಕೊಟ್ಟಿರೋ ಉದಾಹರಣೇನೇ ತೆಂಗು. ಎಪಿ ಅಂದ್ರೆ ಮೇಲೆ, ಮೀಸೋ ಅಂದ್ರೆ ನಡುವೆ, ಎಂಡೋ ಅಂದ್ರೆ ಒಳಗೆ. ಮೇಲಿನ ನುಣ್ಣನೆ ಸಿಪ್ಪೆ, ನಡುವೆ ನಾರು, ಒಳಗೆ ಚಿಪ್ಪು, ಅಷ್ಟೇ ಇರೋದು! ಆಮೇಲೆ ಎಪಿಡರ್ಮಿಸ್, ಮೀಸೋಫಿಲ್, ಎಂಡೋಡರ್ಮಿಸ್ ಬಂದಾಗ ಡರ್ಮಿಸ್ ಅಂದ್ರೆ ಚರ್ಮ, ಫಿಲ್ ಅಂದ್ರೆ ಎಲೆ ಅಂತ ಎರಡು ತಿಳ್ಕೊಂಡ್ರೆ ಸಾಕಾಯ್ತು. ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಈ ಪದಗಳು ಹೊಸವೇ, ಯಾಕಂದ್ರೆ ಇವು ಬಂದಿರೋದು ಗ್ರೀಕ್, ಲ್ಯಾಟಿನ್‌ನಿಂದ. ಇದು ಗೊತ್ತಾದ ದಿನ ನನ್ನ ಅರ್ಧ ಭಯ ಹೋಯ್ತು.

ಸೆಕೆಂಡ್ ಪಿಯುನಲ್ಲಿ ಡಬಲ್ ಫರ್ಟಿಲೈಸೇಷನ್, ಅಂದ್ರೆ ಹೂಬಿಡೋ ಗಿಡಗಳಲ್ಲಿ ಆಗೋ ಜೋಡಿ ನಿಷೇಚನ ಬರುತ್ತೆ, ಅದಕ್ಕೂ ತೆಂಗಿನಕಾಯೇ ಸಾಕು. ಪರಾಗನಾಳದಲ್ಲಿ ಬರೋ ಎರಡು ಗಂಡು ಗ್ಯಾಮೀಟಲ್ಲಿ (ಲಿಂಗಾಣು) ಒಂದು ಅಂಡಕ್ಕೆ ಸೇರಿ ಭ್ರೂಣ ಆಗುತ್ತೆ, ಇನ್ನೊಂದು ಗಂಡು ಗ್ಯಾಮೀಟು ಅಂಡದ ಪಕ್ಕದಲ್ಲೇ ಇರೋ ಎರಡು ಪೋಲಾರ್ ನ್ಯೂಕ್ಲಿಯಸ್ ಜೊತೆ ಸೇರಿ ಎಂಡೋಸ್ಪರ್ಮ್ ಆಗುತ್ತೆ, ಅಂದ್ರೆ ಭ್ರೂಣಕ್ಕೆ ಕಟ್ಟಿಟ್ಟ ಬುತ್ತಿ. ನ್ಯೂಕ್ಲಿಯಸ್‌ಗಳು ಸಾವಿರಗಟ್ಟಲೆ ಆಗಿ, ಮಧ್ಯೆ ಗೋಡೆ ಇಲ್ಲದೆ ದ್ರವದಲ್ಲಿ ಇದ್ರೆ ಅದು ಫ್ರೀ ನ್ಯೂಕ್ಲಿಯರ್ ಎಂಡೋಸ್ಪರ್ಮ್, ನಾವು ಕುಡಿಯೋ ಎಳನೀರು ಅದೇ. ಗೋಡೆ ಕಟ್ಕೊಂಡು ಕೋಶ ಆದ್ರೆ ಗಂಜಿ, ಬಲಿತ್ರೆ ತುರಿಯೋ ಕಾಯಿ. ಭ್ರೂಣ ಎಲ್ಲಿ ಅಂತೀರಾ, ಚಿಪ್ಪಿನ ಮೂರು ಕಣ್ಣಲ್ಲಿ ಮೆತ್ತಗಿರೋ ಕಣ್ಣಿನ ಕೆಳಗಡೆ ಪುಟ್ಟದಾಗಿ ಇರುತ್ತೆ, ಕಾಯಿ ಒಡೆದಾಗ ಅಲ್ಲಿ ಬಿಡಿಸಿ ನೋಡಿ. ತೆಂಗಿನ ಎಲೆಯ ಒಂದು ಜೀವಕೋಶದಲ್ಲಿ 32 ವರ್ಣತಂತು, ಗ್ಯಾಮೀಟಲ್ಲಿ 16, ಹಂಗಾದ್ರೆ ಗಂಜಿಯ ಒಂದು ಕೋಶದಲ್ಲಿ ಗಂಡು ಗ್ಯಾಮೀಟಿಂದು ಒಂದು, ಪೋಲಾರ್ ನ್ಯೂಕ್ಲಿಯಸ್‌ಗಳದ್ದು ಎರಡು, ಹೀಗೆ 16ರ ಮೂರು ಸೆಟ್, ಒಟ್ಟು 48. ಹೀಗೆ ಮೂರು ಸೆಟ್ ಇರೋದಕ್ಕೇ ಟ್ರಿಪ್ಲಾಯ್ಡ್ ಅನ್ನೋದು, ಆ ಪದವನ್ನ ನಾನು ಆಮೇಲೆ ಯಾವತ್ತೂ ಬಾಯಿಪಾಠ ಮಾಡಿಲ್ಲ.

ನಿಮ್ಮ ಹತ್ತನೇ ಕ್ಲಾಸ್ ವಿಜ್ಞಾನದ ಪುಸ್ತಕ ಇದ್ಯಾ? ರದ್ದಿಗೆ ಹಾಕಬೇಡಿ. ವರ್ಣತಂತು, ಪರಾಗಸ್ಪರ್ಶ, ಅಂಡಾಶಯ ಎಲ್ಲಾ ನಿಮಗೆ ಆಗಲೇ ಗೊತ್ತಿರೋದೇ, ಹೊಸ ಹೆಸರು ಮಾತ್ರ ಪಕ್ಕದಲ್ಲಿ ಬರ್ಕೊಳ್ಳಿ. ಚಾಪ್ಟರ್ ಮೊದಲು ಕನ್ನಡದಲ್ಲಿ ಯಾರಿಗಾದ್ರೂ ಹೇಳಿ, ನಾನು ಅಜ್ಜಿಗೆ ಹೇಳ್ತಿದ್ದೆ, ಅಜ್ಜಿ "ಅದ್ಯಾಕೆ ಹಂಗೆ?" ಅಂದಾಗ ಉತ್ತರ ಬರ್ಲಿಲ್ಲ ಅಂದ್ರೆ ಅಲ್ಲೇ ನನಗೆ ಅರ್ಥ ಆಗಿಲ್ಲ ಅಂತ. ಆಮೇಲೆ ಇಂಗ್ಲಿಷಲ್ಲಿ ಬರೀರಿ. ಪುಸ್ತಕ ಮುಚ್ಚಿ ಚಿತ್ರ ಬಿಡಿಸಿ, ಪಾರ್ಟ್ಸ್ ಹೆಸರು ಸಮೇತ.

ಪರೀಕ್ಷೆ ಲೆಕ್ಕನೂ ನಿಮ್ಮ ಕಡೆಗೇ ಇದೆ. ನೀಟ್‌ನಲ್ಲಿ 720ಕ್ಕೆ 360 ಅಂಕ ಬಯಾಲಜಿದೇ, ಪ್ರಶ್ನೆ ಪತ್ರಿಕೆ ಕನ್ನಡದಲ್ಲೂ ಸಿಗುತ್ತೆ. ಸಿಇಟಿಯಲ್ಲಿ ಬಯಾಲಜಿಗೆ 60 ಪ್ರಶ್ನೆ, 80 ನಿಮಿಷ, ನೆಗೆಟಿವ್ ಮಾರ್ಕ್ಸ್ ಇಲ್ಲ. ಎರಡಕ್ಕೂ ಎನ್‌ಸಿಇಆರ್‌ಟಿ ಪುಸ್ತಕವನ್ನೇ ಸಾಲು ಸಾಲಾಗಿ ಓದಿ, ಗೈಡ್ ಆಮೇಲೆ.

ಕಾಮರ್ಸ್ ನಿಜವಾಗ್ಲೂ ಇಷ್ಟ ಇದ್ರೆ ಹೋಗಿ, ಅದು ಬೇರೆ ಮಾತು. ಹೆದರಿ ಹೋಗೋದಾದ್ರೆ ಒಂದು ತಿಂಗಳು ಹೀಗೆ ಓದಿ ನೋಡಿ, ಯಾವ ಚಾಪ್ಟರಲ್ಲಿ ಸಿಕ್ಕಾಕೊಂಡಿದ್ದೀರಿ ಅಂತ ಕೆಳಗೆ ಬರೀರಿ, ನಾನು ಕನ್ನಡದಲ್ಲೇ ಬಿಡಿಸಿ ಹೇಳ್ತೀನಿ.