ಬುಸುಗುಟ್ಟುವುದೋ, ಚುಕ್ಕಿಯದೋ?

ಪ್ರಶ್ನೆ: ಜಿರಳೆ ಸಾಕುವವರೂ ಇದ್ದಾರೆ ಎಂದು ತಿಳಿದಾಗಿನಿಂದ ನನಗೂ ಆಸೆ ಹುಟ್ಟಿದೆ. ‘ಅಡುಗೆಮನೆಯಲ್ಲಿ ಒಂದು ಕಂಡರೆ ಸ್ಟೂಲ್ ಹತ್ತುವವಳು ನೀನು’ ಎಂದು ಗಂಡ ನಗುತ್ತಾರೆ. ಯಾವ ಜಾತಿಯಿಂದ ಶುರು ಮಾಡಲಿ? ನಿಮಗೆ ಅಚ್ಚುಮೆಚ್ಚಿನದು ಯಾವುದು?

ಉತ್ತರ: ನಿಮ್ಮನ್ನು ಸ್ಟೂಲ್ ಹತ್ತಿಸುವ ಜಿರಳೆಯೇ ಬೇರೆ, ನಾವು ಸಾಕುವುದೇ ಬೇರೆ ಎಂದು ಅವರಿಗೆ ಹೇಳಿ. ಗೊತ್ತಿರುವ ಜಿರಳೆ ಜಾತಿಗಳು 4,500ಕ್ಕೂ ಹೆಚ್ಚು. ಅದರಲ್ಲಿ ಮನುಷ್ಯರ ನಡುವೆ ಬದುಕುವವು ಸುಮಾರು 30 ಮಾತ್ರ.

ನಾನು ಮೊದಲು ತಂದದ್ದು ಮಡಗಾಸ್ಕರ್‌ನ ಬುಸುಗುಟ್ಟುವ ಜಿರಳೆ. ಐದರಿಂದ ಏಳು ಸೆಂಟಿಮೀಟರ್ ಉದ್ದ, ರೆಕ್ಕೆಯೇ ಇಲ್ಲ, ಅಂಗೈ ಮೇಲೆ ಇಟ್ಟರೆ ಗಡಿಬಿಡಿಯಿಲ್ಲದೆ ನಡೆಯುತ್ತದೆ. ಹೊಟ್ಟೆಯ ಪಕ್ಕದ ಉಸಿರುರಂಧ್ರಗಳಿಂದ ಗಾಳಿಯನ್ನು ಒತ್ತಿ ಬಿಟ್ಟಾಗ ಆ ‘ಬುಸ್’ ಸದ್ದು. ಗಂಡಿನ ಬೆನ್ನಿನ ಮುಂಭಾಗದಲ್ಲಿ ಎರಡು ಗುಬಟುಗಳಿರುತ್ತವೆ. ಅವನ್ನೇ ಕೊಂಬು ಮಾಡಿಕೊಂಡು ಟಗರುಗಳಂತೆ ತಳ್ಳಾಡುತ್ತವೆ. ಒಂದೇ ತೊಂದರೆ, ಗಾಜನ್ನು ಸಲೀಸಾಗಿ ಹತ್ತುತ್ತವೆ. ತೊಟ್ಟಿಯ ಒಳಗಡೆ, ಮೇಲಂಚಿಗೆ, ವ್ಯಾಸಲೀನ್ ಸವರಬೇಕು. ಒಮ್ಮೆ ತೊಟ್ಟಿ ತೊಳೆದು ಸವರಲು ಮರೆತೆ. ಮೂರು ಪರಾರಿ. ಎರಡು ಚಪ್ಪಲಿ ಗೂಡಿನ ಹಿಂದೆ ಸಿಕ್ಕವು. ಮೂರನೆಯದು ವಾರ ಕಳೆದ ಮೇಲೆ, ನಾನು ಪರದೆ ಸರಿಸಿದಾಗ ಮಡಿಕೆಯೊಳಗಿಂದ ಬುಸುಗುಟ್ಟಿ ತಾನೇ ಸುಳಿವು ಕೊಟ್ಟಿತು.

ನುಣುಪು ಗೋಡೆ ಹತ್ತಲಾರದ ಜಿರಳೆ ಬೇಕೆಂದರೆ ಡೂಬಿಯಾ ಇದೆ. ಆದರೆ ಹಗಲೆಲ್ಲ ಅಡಗಿಕೊಂಡೇ ಇರುತ್ತದೆ. ಹೆಚ್ಚಿನವರು ಅದನ್ನು ಸಾಕುವುದೂ ಓತಿಕ್ಯಾತಗಳ ಆಹಾರಕ್ಕೆ. ನನಗಂತೂ ಅದರ ಮೇಲೆ ಮನಸ್ಸಾಗಲಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಘೇಂಡಾಮೃಗ ಜಿರಳೆಯ ಮೇಲೆ ಆಗಿತ್ತು. ಮೂವತ್ತು ಗ್ರಾಂಗೂ ಮೀರಿ ತೂಗುವ, ಜಿರಳೆಗಳಲ್ಲೇ ಅತಿ ಭಾರದ ಪ್ರಾಣಿ ಅದು. ಒಣಗಿದ ನೀಲಗಿರಿ ಎಲೆ ತಿಂದು, ಆಳದ ಬಿಲದಲ್ಲಿ ಮರಿಗಳನ್ನು ಜೊತೆಗಿಟ್ಟುಕೊಂಡು, ಹತ್ತು ವರ್ಷದವರೆಗೂ ಬದುಕಬಲ್ಲದು. ಅಷ್ಟು ವರ್ಷ ಎಲೆ ಹೊಂದಿಸಬೇಕಲ್ಲ ಎಂದು ಹಿಂದೆ ಸರಿದೆ.

ನನ್ನ ಅಚ್ಚುಮೆಚ್ಚು ಡಾಮಿನೊ ಜಿರಳೆ. ದಕ್ಷಿಣ ಭಾರತದ ಕುರುಚಲು ಕಾಡಿನದು. ಕಪ್ಪು ಮೈ, ಅದರ ಮೇಲೆ ಬಿಳಿ ಚುಕ್ಕಿ. ಅದೇ ಸೀಮೆಯಲ್ಲಿ ಓಡಾಡುವ, ಕೆಣಕಿದರೆ ಆಮ್ಲ ಚಿಮ್ಮಿಸುವ ಆರು ಚುಕ್ಕಿಯ ನೆಲಜೀರುಂಡೆಯ ವೇಷ ಅದು. ಮರಿಗಳು ತರಗೆಲೆ ಬೆರೆತ ಮಣ್ಣಿನೊಳಗೇ ತಿಂಗಳುಗಟ್ಟಲೆ ಬೆಳೆಯುತ್ತವೆ. ‘ಖಾಲಿ ಡಬ್ಬಿಗೆ ಯಾಕೆ ದಿನಾ ನೀರು ಚಿಮುಕಿಸ್ತೀರಿ?’ ಎಂದು ಮನೆಗೆ ಬಂದವರು ಕೇಳುತ್ತಿದ್ದರು. ನನಗೂ ಅನುಮಾನ ಬಂದಿತ್ತು. ಒಂದು ಸಂಜೆ ದೀಪ ಹಾಕಿದರೆ ಎಲೆಗಳ ಮೇಲೆ ಏಳು ಡಾಮಿನೊಗಳು, ಈಗಷ್ಟೇ ಬಣ್ಣ ಬಳಿದ ಹಾಗೆ! ರೆಕ್ಕೆ ಬಂದ ಮೇಲೆ ಅವುಗಳ ಆಯುಷ್ಯ ಕೆಲವೇ ತಿಂಗಳು. ಹೊಸಬರಿಗೆ ಈ ಕಾಯುವಿಕೆ ಬೇಸರ ತರಿಸೀತು.

ಹಾಗಾಗಿ ನೀವು ಬುಸುಗುಟ್ಟುವುದರಿಂದಲೇ ಶುರು ಮಾಡಿ, ಅದೂ ಎರಡು ಗಂಡು. ಹೆಣ್ಣು ಮೊಟ್ಟೆಯನ್ನು ಹೊಟ್ಟೆಯೊಳಗೇ ಮರಿ ಮಾಡಿ ಒಂದೇ ಸಲಕ್ಕೆ ಇಪ್ಪತ್ತು, ಮೂವತ್ತು ಹಾಕಿಬಿಡುತ್ತದೆ. ಆಗ ನಿಮ್ಮವರ ನಗು ನಿಂತೀತು. ತೊಟ್ಟಿಯಲ್ಲಿ ಮೊಟ್ಟೆ ಟ್ರೇಯ ತುಂಡುಗಳು, ಕ್ಯಾರೆಟ್, ಬೆಕ್ಕಿನ ಒಣ ತಿನಿಸು, ಬೆಚ್ಚನೆಯ ಮೂಲೆ ಇದ್ದರೆ ಸಾಕು. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಮಾತ್ರ ಈ ಆಸೆ ಬಿಡಿ, ಜಿರಳೆಯ ಹಿಕ್ಕೆ, ಪೊರೆಗಳ ಧೂಳು ಅವರಿಗೆ ಆಗದು. ಪರದೇಶದ ಜಾತಿ ಸಾಕಲು ಅನುಮತಿ ಬೇಕೇ ಎಂದೂ ಮೊದಲೇ ವಿಚಾರಿಸಿ.

ಒಂದು ಬೆಳಿಗ್ಗೆ ತೊಟ್ಟಿಯಲ್ಲಿ ಹಾಲುಬಿಳುಪಿನ ಜಿರಳೆ ಕಂಡರೆ ಗಾಬರಿಯಾಗಿ ಪತ್ರ ಬರೆಯಬೇಡಿ. ಆಗಷ್ಟೇ ಪೊರೆ ಕಳಚಿರುತ್ತದೆ. ಮುಟ್ಟದೆ ಬಿಡಿ, ಸಂಜೆಯೊಳಗೆ ಕಂದಾಗುತ್ತದೆ.